ಮೂವತ್ತೊಂದನೇ ಸಾಲು

ನಮ್ಮ ನರ್ಸಿಂಗ್ ಶಾಲೆಯ ಆಫೀಸಿನಲ್ಲಿ ಟೈಪಿಸ್ಟ್ ಅಕ್ಕನಿಗೆ ಹೆದರದವರೇ ಇರಲಿಲ್ಲ, ಪ್ರಿನ್ಸಿಪಾಲರೂ ಸೇರಿ. ಇಪ್ಪತ್ತಾರು ವರ್ಷದಲ್ಲಿ ತಾವು ಟೈಪ್ ಮಾಡಿದ ಕಾಗದದಲ್ಲಿ ಒಂದು ತಪ್ಪು ಹುಡುಕಿಕೊಟ್ಟವರಿಗೆ ಟೀ ಕೊಡಿಸುತ್ತೇನೆಂದು ಪಂಥ ಕಟ್ಟಿದ್ದರು. ಆ ಟೀ ಯಾರೂ ಕುಡಿದಿರಲಿಲ್ಲ.

ಅವರು ಕಲಿತದ್ದು ಟೈಪ್‌ರೈಟರಿನಲ್ಲಿ. ಕಂಪ್ಯೂಟರ್ ಬಂದ ಮೇಲೂ ಹಳೇ ಅಭ್ಯಾಸ ಬಿಡಲಿಲ್ಲ. ಹೆಸರಿನ ಮುಂದೆ ಅಂಕಗಳು ನೇರವಾಗಿ ಬರಬೇಕೆಂದರೆ ಮನಸ್ಸಿನಲ್ಲೇ ಎಣಿಸುತ್ತಾ ಟಕಟಕನೆ ಸ್ಪೇಸ್‌ಬಾರ್ ಒತ್ತುತ್ತಾ ಹೋಗುವರು. "ಗೆರೆ ಎಳೆದ ಟೇಬಲ್ ಹಾಕ್ಕೊಡ್ತೀನಿ ಅಕ್ಕಾ" ಎಂದು ನಾನೆಂದರೆ, "ಆಗ್ಲೇ ಒಂದಿದೆಯಲ್ಲಪ್ಪ, ಕಂಪ್ಯೂಟರ್ ಅದರ ಮೇಲೇ ಕೂತಿದೆ" ಎನ್ನುವರು.

ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ತಿಂಗಳುಗಟ್ಟಲೆ ತಲೆ ತಿಂದು ಪ್ರಿನ್ಸಿಪಾಲರ ಕೋಣೆಯ ಕಂಪ್ಯೂಟರಿಗೆ ಟೈಪಿಂಗ್ ಸಾಫ್ಟ್‌ವೇರಿನ ಹೊಸ ವರ್ಷನ್ ಹಾಕಿಸಿದ್ದೆ; ಅಕ್ಕನದು ಹಳೆಯದೇ. ಫಲಿತಾಂಶದ ದಿನ, ಎರಡೂ ಕಂಪ್ಯೂಟರಿನಲ್ಲಿ ಸಿಗುತ್ತಿದ್ದ ಅವರ ಅಂಕಪಟ್ಟಿಯ ಫೈಲನ್ನು ಅಲ್ಲಿ ತೆರೆದರೆ ಎಲ್ಲ ಚೆಲ್ಲಾಪಿಲ್ಲಿ. ಅಕ್ಷರಗಳ ಅಗಲ ಬದಲಾಗಿ ಉದ್ದ ಹೆಸರುಗಳು ಎರಡು ಸಾಲಾಗಿದ್ದವು, ಅಂಕಗಳು ಜಾರಿ ಎಲ್ಲೆಲ್ಲೋ ಕೂತಿದ್ದವು. ಅಕ್ಕನ ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆದಿದ್ದರೆ ಮುಗಿಯುತ್ತಿತ್ತು. ಆದರೆ ಹೊಸದು ಕೈಕೊಟ್ಟಿತು ಎಂದು ಹೇಳಲು ನನಗೆ ನಾಚಿಕೆ. ಅರ್ಧ ಗಂಟೆಯಲ್ಲಿ ಅಂಕಗಳನ್ನು ಒಂದೊಂದಾಗಿ ಸರಿಸಿ ಕೂರಿಸಿದೆ, ಅದೇ ಫೈಲಿನ ಮೇಲೆ ಸೇವ್ ಮಾಡಿ ಪ್ರಿಂಟ್ ಕೊಟ್ಟೆ. ಮತ್ತೆ ಈ ಪೇಚಾಟ ಬೇಡವೆಂದು ಸಂಜೆಯೇ ಅಕ್ಕನ ಕಂಪ್ಯೂಟರಿಗೂ ಹೊಸ ವರ್ಷನ್ ಹಾಕಿ ಹಳೆಯದನ್ನು ಅಳಿಸಿದೆ.

ಮೂವತ್ತೊಂದನೇ ಸಾಲಿನ ಹುಡುಗಿಯ ಅಂಕವೂ ಅದರ ಕೆಳಗಿನವಳ ಅಂಕವೂ ಅದಲುಬದಲಾಗಿದ್ದವು. ಪಾಸಾಗಬೇಕಾದವಳು ಫೇಲಾದಳು. ಎರಡು ದಿನ ಅತ್ತು, ಮೂರನೇ ದಿನ ಅಪ್ಪನನ್ನು ಕರೆದುಕೊಂಡು ಬಂದಳು. ಉತ್ತರಪತ್ರಿಕೆ ನೋಡಿ ಅಂಕ ಸರಿಪಡಿಸಿದ ಮೇಲೆ ಪ್ರಿನ್ಸಿಪಾಲರು ಎಲ್ಲರೆದುರು ಅಕ್ಕನನ್ನು ಕೇಳಿದರು. ಅಕ್ಕ ಫೈಲು ತೆರೆದರು. ತಪ್ಪು ಅಲ್ಲೂ ಇತ್ತು. ಬಹಳ ಹೊತ್ತು ನೋಡಿ, "ನಾನೇ ಮಾಡಿರ್ಬೇಕು" ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಅವರ ತಲೆಯ ಮೇಲೆ ಗೂಬೆ ಕೂರುವುದನ್ನು ನೋಡುತ್ತಾ ನಿಂತ ಹೇಡಿ ನಾನು. ಮನಸ್ಸು ಚುಚ್ಚುತ್ತಿದ್ದುದರಿಂದ ಹೊಸ ವರ್ಷನ್ನಿನಲ್ಲಿ ಚೆದುರಿದ್ದ ಅವರ ಹಳೆಯ ಫೈಲುಗಳನ್ನೆಲ್ಲ ಕೂತು ಟೇಬಲ್ ಹಾಕಿ ಸರಿಮಾಡಿಟ್ಟೆ. ಬಾಯಿಬಿಡುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ.

ಅಕ್ಕ ಅಡಿಪಟ್ಟಿ ಇಟ್ಟು ಪ್ರತಿ ಸಾಲನ್ನೂ ಮೂರು ಮೂರು ಸಲ ಓದತೊಡಗಿದರು. ಗದರುವುದು ನಿಂತಿತು. ಸಂಜೆ ಕಾಗದ ಹಿಡಿದು ನನ್ನ ಬಳಿಯೇ ಬರುವರು. "ತಮ್ಮಾ, ನೀನೊಂದ್ಸಲ ನೋಡ್ಬಿಡು." ನಾನು ನೋಡಿ, ಸರಿಯಾಗಿದೆ ಎನ್ನುತ್ತಿದ್ದೆ. ಎಂಟು ತಿಂಗಳ ಮೇಲೆ, ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗ, ರಾಜೀನಾಮೆ ಕೊಟ್ಟರು.

ಕೊನೆಯ ದಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಯಾಕೆ ಅಕ್ಕಾ ಎಂದು ಕೇಳಿದೆ.

"ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಮೊದ್ಲು ಸಣ್ಣಪುಟ್ಟ ತಪ್ಪು. ಕೊನೆಗೆ ನನ್ನ ಗುರುತೇ ಹಿಡೀತಿರ್ಲಿಲ್ಲ. ಆ ಸಾಲು ಟೈಪ್ ಮಾಡುವಾಗ ಎಲ್ಲಿ ತಪ್ಪಿದೆ ಅಂತ ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ ಕಣೋ."

ಅವರು ತಪ್ಪಿದ್ದರೆ ತಾನೇ ನೆನಪಿಗೆ ಬರುವುದು. ಸ್ಟೂಲೆಳೆದು ಎದುರು ಕೂತು ಎಲ್ಲ ಹೇಳಿದೆ: ಹೊಸ ವರ್ಷನ್, ಜಾರಿದ ಅಂಕಗಳು, ನನ್ನ ನಾಚಿಕೆ, ಒಂದನ್ನೂ ಮುಚ್ಚಿಡಲಿಲ್ಲ.

ಅಕ್ಕ ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ಒಂದು ಕ್ಷಣ ಹಳೆಯ ಅಕ್ಕ ಬಂದುಹೋದರು. "ಎಲ್ಲಿ, ತೋರ್ಸು" ಎಂದರು.

ತೋರಿಸಲು ಏನಿತ್ತು? ಅವರ ಮೂಲ ಫೈಲಿನ ಮೇಲೆ ಸೇವ್ ಮಾಡಿದವನು ನಾನು, ಹಳೆಯ ವರ್ಷನ್ ಅಳಿಸಿದವನು ನಾನು, ಚೆದುರಿಹೋಗಿದ್ದ ಒಂದೊಂದು ಪಟ್ಟಿಯನ್ನೂ ಅಚ್ಚುಕಟ್ಟು ಮಾಡಿಟ್ಟವನೂ ನಾನೇ.

"ಏನೂ ಉಳಿದಿಲ್ಲ ಅಕ್ಕಾ. ಆಣೆ ಮಾಡಿ ಹೇಳ್ತೀನಿ, ನಾನೇ ಮಾಡಿದ್ದು."

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನ ತಲೆ ನೇವರಿಸಿದರು.

"ನನ್ನ ಸಮಾಧಾನಕ್ಕೆ ತಪ್ಪನ್ನ ನಿನ್ನ ಮೇಲೆ ಹಾಕ್ಕೋತಿದ್ದೀಯ. ಒಳ್ಳೇವ್ನು ಕಣೋ ನೀನು."