ದೊಡ್ಡವ್ವನ ಕಟ್ಟೆ, ಎದುರುಮನೆಯ ಕಾರು

ನಮ್ಮ ದೊಡ್ಡವ್ವನ ಮನೆ ಸಂಡೂರು ಕಡೆಯ ವಡ್ಡು ಎಂಬ ಊರಿನಲ್ಲಿ. ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ಅವಳ ಎದುರುಮನೆಯಾತ ತನ್ನ ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟು ದಿಢೀರನೆ ಸಾಹುಕಾರನಾದ. ಹೊಸಪೇಟೆಯಿಂದ ದೊಡ್ಡ ಕಾರು ತಂದ. ಕೈಗೆ ದುಡ್ಡು ಬಂದವರಿಗೆ ಮೊದಲು ಇಕ್ಕಟ್ಟಾಗಿ ಕಾಣುವುದು ತಾವು ಹುಟ್ಟಿದ ಓಣಿಯೇ. ಕಾರು ದೊಡ್ಡವ್ವನ ಮನೆಮುಂದಿನ ಕಲ್ಲುಕಟ್ಟೆಯವರೆಗೆ ಬಂದು ಮುಂದೆ ಹೋಗಲಾರದೆ ನಿಂತಿತು.

"ಯವ್ವಾ, ಕಟ್ಟಿ ತೆಗಸ್ರಿ. ಎಷ್ಟ್ ಕೇಳಿದ್ರೂ ಕೊಡ್ತೀನಿ," ಎಂದ.

"ಕಟ್ಟಿ ತೆಗದ್ರ ಸಂಜಿಮುಂದ ನಾನೆಲ್ಲಿ ಕುಂದರ್ಲಿ? ನಿನ್ನ ಕಾರಿನ್ಯಾಗೇನು?" ಎಂದಳು ದೊಡ್ಡವ್ವ.

ಆತ ಬಿಡಲಿಲ್ಲ. ಓಣಿ ಅಗಲ ಮಾಡಿಸಲು ಊರಿನ ಮುಖಂಡನೊಬ್ಬನನ್ನು ಹಿಂಬಾಲಕರ ಸಮೇತ ಕರೆತಂದ. ಬೇಸಿಗೆ ರಜೆಗೆಂದು ಹೋಗಿದ್ದ ನಾನು ಜಗಳ ನೋಡುವ ಆಸೆಯಿಂದ ಬಾಗಿಲಲ್ಲಿ ನಿಂತೆ. ದೊಡ್ಡವ್ವ ಜಗಳಕ್ಕೇ ಹೋಗಲಿಲ್ಲ. "ಬಿಸಿಲಾಗ ಬಂದೀರಿ, ಮೊದ್ಲು ಕುಂದ್ರಿ," ಎಂದು ಮುಖಂಡನನ್ನೂ ಹಿಂಬಾಲಕರನ್ನೂ ಅದೇ ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಗೋಡೆಯ ನೆರಳು, ತಣ್ಣನೆಯ ಕಲ್ಲು. ಮುಖಂಡ ಚಪ್ಪಲಿ ಬಿಟ್ಟು ಚಕ್ಕಳಮಕ್ಕಳ ಹಾಕಿ ಕುಳಿತ. ಅವನನ್ನು ಕಂಡ ಓಣಿಯ ಹೆಂಗಸರು ಬಂದು ನಲ್ಲಿ ನೀರಿನ ದೂರು ಹೇಳಿದರು. ಅವನು ಧಾರಾಳವಾಗಿ ಭರವಸೆ ಕೊಟ್ಟ. ಮಜ್ಜಿಗೆ ಇನ್ನೊಂದು ಸುತ್ತು ಬಂತು. ಕಟ್ಟೆ ಒಡೆಸುವ ಮಾತು ಮಾತ್ರ ಬರಲಿಲ್ಲ. ಎದುರುಮನೆಯಾತ ನೆನಪಿಸಿದಾಗ, "ಇರ್ಲಿ ಬಿಡಪಾ, ಓಟಿನ ಟೈಮಿನ್ಯಾಗ ನಮಗೂ ಕುಂದ್ರಾಕ ಜಾಗ ಬೇಕಲ್ಲ," ಎಂದು ಮುಖಂಡ ಎದ್ದು ಹೋದ.

ಬಿಸಿಲಲ್ಲೇ ನಿಂತಿದ್ದ ಎದುರುಮನೆಯಾತನಿಗೆ ದೊಡ್ಡವ್ವ ಲೋಟ ಹಿಡಿದಳು. "ನೀನೂ ಕುಂದ್ರು ತಮ್ಮಾ. ಕಾರ್ ಮೇನ್ ರೋಡಿನ್ಯಾಗ ಇದ್ರ ಊರ ಮಂದಿಯೆಲ್ಲ ನೋಡ್ತಾರ. ಓಣ್ಯಾಗ ತಂದ್ರ ನಾನೊಬ್ಬಾಕಿನ ನೋಡಬೇಕು."

ಆತನ ಮುಖ ಅರಳಿತು. ಅವತ್ತಿನಿಂದ ಕಾರು ಮೇನ್ ರೋಡಿನಲ್ಲೇ ನಿಂತಿತು. ಎಂಥ ಅರ್ಥಶಾಸ್ತ್ರಜ್ಞರಿಗೂ ಇಷ್ಟು ಅಗ್ಗದಲ್ಲಿ ಒಪ್ಪಂದ ಕುದುರಿಸಲು ಆಗುತ್ತಿರಲಿಲ್ಲ.

ಮುಂದೆ ಗಣಿಗಳು ನಿಂತವು, ಲಾರಿಗಳು ನಿಂತವು, ಕಾರೂ ಮಾರಾಟವಾಯಿತು. ಆತ ಕಾರ್ಖಾನೆಯ ಕೆಲಸಕ್ಕೆ ಸೇರಿದ. ಸಮವಸ್ತ್ರ ತೊಟ್ಟು ಬಸ್ಸಿಗೆ ಹೊರಟವನನ್ನು ಕಂಡು ಓಣಿಯವರು ಮುಸಿಮುಸಿ ನಕ್ಕಾಗ ದೊಡ್ಡವ್ವ ಗದರಿದಳು:

"ಏನ್ ನಗ್ತೀರಿ? ಅಂವ ಮೆರಿಯೋ ಮುಂದ ಅದ ಕಾರಿನ್ಯಾಗ ಪುಕ್ಕಟ ಹೊಸಪೇಟಿಗೆ ಹೋಗಿಬಂದವ್ರು ಯಾರ್ಯಾರು, ಹೇಳ್ಲೇನು?"

ನಗುತ್ತಿದ್ದವರು ಒಬ್ಬೊಬ್ಬರಾಗಿ ಮನೆಯೊಳಗೆ ಸರಿದರು. ದುಡ್ಡು ಬಂದಾಗಲೂ ಹೋದಾಗಲೂ ಮನುಷ್ಯನನ್ನು ಒಂದೇ ದನಿಯಲ್ಲಿ ಮಾತಾಡಿಸುವವರನ್ನು ನಾನು ಹೆಚ್ಚು ಕಂಡಿಲ್ಲ.