ತಂಗಿಗೆ ಸಿಕ್ಕ ದಪ್ಪ ಪುಸ್ತಕ

ನಾನು ಚಿಕ್ಕವನಿದ್ದಾಗ ನಮ್ಮ ಶಾಲೆಯ ಕಥೆಪುಸ್ತಕಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಮೇಷ್ಟ್ರು ಅದನ್ನು ಮಧುಗಿರಿಯಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಶಿರಾ ಕಡೆಯ ನಮ್ಮ ಹಳ್ಳಿಗೆ ತಂದಿದ್ದರು. ಮುಚ್ಚಳ ತೆರೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಳಗೆ ಮೂರು ಕಟ್ಟು. ಕೆಂಪು ದಾರದ್ದು ಆರೇಳು ವರ್ಷದವರಿಗೆ. ಅದರಲ್ಲಿ ದಪ್ಪ ಅಕ್ಷರ, ಆನೆ, ಗಿಳಿ, ಎತ್ತಿನ ಬಂಡಿಯ ಚಿತ್ರಗಳು. ನೀಲಿ ದಾರದ್ದು ಎಂಟರಿಂದ ಹತ್ತು ವರ್ಷದವರಿಗೆ. ಸಣ್ಣ ಸಣ್ಣ ಕಥೆಗಳು. ಬಿಳಿ ದಾರದ ಕಟ್ಟಿನಲ್ಲಿ ಇನ್ನೂ ದೊಡ್ಡವರ ಪುಸ್ತಕಗಳು. ಚಿತ್ರ ಕಡಿಮೆ, ಹಾಳೆ ಹೆಚ್ಚು.

ಆದರೆ ವಯಸ್ಸಾದ ಮಾತ್ರಕ್ಕೆ ಕಟ್ಟು ಸಿಗುತ್ತಿರಲಿಲ್ಲ. ಶನಿವಾರ ಎಲ್ಲರ ಎದುರು ಒಂದು ಪುಟ ಗಟ್ಟಿಯಾಗಿ ಓದಬೇಕಿತ್ತು. ತಡವರಿಸಿದ ಪ್ರತಿ ಪದಕ್ಕೂ ಮೇಷ್ಟ್ರು ಕರಿಹಲಗೆಯ ಮೇಲೆ ಒಂದು ಗೀಟು ಎಳೆಯುತ್ತಿದ್ದರು. ಐದು ಗೀಟು ದಾಟಿದರೆ ಕೆಳಗಿನ ಕಟ್ಟು.

ಆಗ ನನಗೆ ಹನ್ನೊಂದು ವರ್ಷ, ತಂಗಿಗೆ ಒಂಬತ್ತು. ಬಿಳಿ ದಾರದ ಪುಸ್ತಕ ಹಿಡಿದು ನಾನು ಓದಿದೆ. ಎಂಟು ಗೀಟು ಬಿದ್ದವು. ನನ್ನ ನಂತರ ತಂಗಿ ಅದೇ ಪುಟವನ್ನು ಓದಿದಳು. ಒಂದೇ ಗೀಟು. ಮೇಷ್ಟ್ರು ನನ್ನ ಕೈಗೆ ನೀಲಿ ದಾರದ ತೆಳು ಪುಸ್ತಕ ಕೊಟ್ಟು, ಅವಳ ಕೈಗೆ ಬಿಳಿ ದಾರದ ಕಟ್ಟಿನಿಂದ ಹಸಿರು ರಟ್ಟಿನ ದಪ್ಪ ಪುಸ್ತಕ ಕೊಟ್ಟರು. ಅದು ಮನೆ ಬಿಟ್ಟು ಹೊರಟ ಒಬ್ಬ ದೋಣಿಯವನ ಕಥೆ. ಹಿಂದೆ ಕೂತ ಹುಡುಗನೊಬ್ಬ, "ಇನ್ಮ್ಯಾಕೆ ನಿನ್ ತಂಗಿ ತಾವ್ಲೇ ಪಾಠ ಹೇಳುಸ್ಕೋ ಕಣ್ಲಾ" ಎಂದ. ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅವಳು ಆಗಲೇ ಪುಸ್ತಕ ತೆರೆದಿದ್ದಳು. ಅದೇ ನನ್ನನ್ನು ಹೆಚ್ಚು ಉರಿಸಿತು.

ಅಪ್ಪ ಕಂಬಳಿ ನೇಯುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಅಲ್ಲಿಯವರೆಗೆ ಮನೆಗೆ ಬಂದ ಕಾಗದ ಓದಿ ಹೇಳುವವನು ನಾನೇ. ಅಂದು ಸಂಜೆ ತಂಗಿ ಮಗ್ಗದ ಪಕ್ಕ ಕೂತು ದೋಣಿಯವನ ಕಥೆ ಓದತೊಡಗಿದಳು. ಅಪ್ಪನ ಕೈಯ ಲಾಳಿ ಆಡುತ್ತಾ ಆಡುತ್ತಾ, ಕಥೆಯಲ್ಲಿ ದೋಣಿ ಸುಳಿಗೆ ಸಿಕ್ಕಾಗ ತಟ್ಟನೆ ನಿಂತಿತು. "ಆಮ್ಯಾಕೇನಾಯ್ತವ್ವ?" ಎಂದು ಅಪ್ಪ ಕೇಳಿದರು. ನಾನು ಓದಿದ ಯಾವ ಕಾಗದಕ್ಕೂ ಅಪ್ಪ ಹಾಗೆ ಕೇಳಿರಲಿಲ್ಲ. ದಿನವೂ ಸಂಜೆ ಮಗ್ಗ ನಿಲ್ಲುವುದನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದೆ.

ಶುಕ್ರವಾರಕ್ಕೆ ಕಡೆಯ ಏಳೆಂಟು ಹಾಳೆ ಉಳಿದಿದ್ದವು. ಅಂದು ಮಧ್ಯಾಹ್ನ ಅಪ್ಪ, ಅಮ್ಮ ಬೀದಿಯಲ್ಲಿ ಉಣ್ಣೆಯ ನೂಲನ್ನು ಉದ್ದಕ್ಕೆ ಬಿಗಿದು, ಕುಂಚದಿಂದ ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಆ ಗಂಜಿ ಒಣಗಿದರೆ ನೂಲು ತಂತಿಯಂತೆ ಗಡುಸಾಗುತ್ತದೆ. ತಂಗಿ ನೀರಿಗೆ ಹೋಗಿದ್ದಳು. ಒಲೆಯ ಮೇಲಿನ ಗಡಿಗೆಯ ತಳದಲ್ಲಿ ಇನ್ನೂ ಬೆಚ್ಚಗಿನ ಗಂಜಿ ಇತ್ತು. ಬೆರಳಲ್ಲಿ ಬಳಿದು, ಆ ಕಡೆಯ ಹಾಳೆಗಳ ನಡುವೆ ಸವರಿ, ಪುಸ್ತಕದ ಮೇಲೆ ಗುಂಡುಕಲ್ಲು ಇಟ್ಟೆ. ಒಂದು ಸಂಜೆಯಾದರೂ ಮಗ್ಗ ನಿಲ್ಲದಿರಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಕಲ್ಲನ್ನು ಯಾರೂ ನೋಡುವ ಮೊದಲೇ ತೆಗೆದುಬಿಟ್ಟೆ.

ಸಂಜೆ ತಂಗಿ ಪುಸ್ತಕ ಬಿಡಿಸಿದಳು. ಕಡೆಯ ಹಾಳೆಗಳು ಹಲಗೆಯಂತೆ ಒಂದಾಗಿದ್ದವು. ಅಪ್ಪ ತೆಗೆದುಕೊಂಡು ಮೂಸಿದರು.

"ನಮ್ಮನೆ ಗಂಜಿ ಇದು. ಕೈ ತೊಳೀದೆ ಮುಟ್ಟಿದ್ಯೇನವ್ವ?"

"ಇಲ್ಲ ಕಣಪ್ಪ."

ಅಪ್ಪ ಒದ್ದೆ ಬಟ್ಟೆ ಹಾಸಿ, ಸಿಕ್ಕು ನೂಲು ಬಿಡಿಸುವ ಬೆರಳುಗಳಿಂದ ಹಾಳೆಗಳನ್ನು ಮೆಲ್ಲಗೆ ಬಿಡಿಸಿದರು. ಅಕ್ಷರಗಳೆಲ್ಲ ಕಿತ್ತು ಎದುರು ಹಾಳೆಗೆ ಅಂಟಿಕೊಂಡು ಬಂದವು. "ಓದಾಕ್ ಬತ್ತದಾ ನೋಡು" ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ನಾನು ನನ್ನ ನೀಲಿ ದಾರದ ಪುಸ್ತಕದಿಂದ ಕಣ್ಣೆತ್ತಲಿಲ್ಲ.

ಮರುದಿನ ಶಾಲೆಯಲ್ಲಿ ಮೇಷ್ಟ್ರು ಆ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ವಾರ ಪೂರ್ತಿ ಇದು ಯಾರ ಕೈಲಿತ್ತು?" ಎಂದರು.

"ನನ್ ಕೈಲಿ ಸಾ" ಎಂದಳು ತಂಗಿ.

"ಯಾರಾದ್ರೂ ಮಾಡಿದ್ರಾ?"

"ಗೊತ್ತಿಲ್ಲ ಸಾ."

ಪುಸ್ತಕ ಕೆಡಿಸಿದವರಿಗೆ ಆ ವರ್ಷ ಪೆಟ್ಟಿಗೆ ಮುಟ್ಟುವ ಹಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. ಮೇಷ್ಟ್ರು ಅವಳ ಹೆಸರಿನ ಮುಂದೆ ಗೀಟೆಳೆದರು. ನಾನು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೆದರಿಕೆಯಿಂದ ಮಾತ್ರ ಅಲ್ಲ, ಮಕ್ಕಳೇ. ಇನ್ನು ನಮ್ಮ ಮನೆಯಲ್ಲಿ ಕೈಯಲ್ಲಿ ಪುಸ್ತಕ ಇರುವವನು ನಾನೊಬ್ಬನೇ ಎಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಅಂದು ಸಂಜೆ ಮಗ್ಗದ ಪಕ್ಕ ನಾನು ಕೂತೆ. ಒಂದು ಕಥೆ ಪೂರ್ತಿ ಓದಿದೆ. ಲಾಳಿ ಒಮ್ಮೆಯೂ ನಿಲ್ಲಲಿಲ್ಲ. ಓದಿ ಮುಗಿಸಿದಾಗ ಅಪ್ಪ, "ಚೆನ್ನಾಗದೆ ಬುಡು ಮಗ" ಎಂದರು. ಅಷ್ಟು ಹೊತ್ತಿಗೆ ತಂಗಿ ಬಂದು ಬಾಗಿಲಲ್ಲಿ ನಿಂತಳು.

"ಅಪ್ಪ, ಆ ದೋಣಿಯವ್ನು ಏನಾದ ಅಂತ ನಾನೇ ಹೇಳ್ಲಾ?"

"ನೀನು ಓದೇ ಇಲ್ವಲ್ಲವ್ವ."

"ಓದಿಲ್ಲ. ಹೆಂಗಾಗಿರ್ಬೋದು ಅಂತ ಹೇಳ್ತೀನಿ."

ಅವಳು ಹೇಳತೊಡಗಿದಳು. ದೋಣಿಯವನು ಒಂದು ದಡ ಸೇರಿದ, ಅಲ್ಲಿ ನೀರೇ ಕಾಣದ ಜನ ಇದ್ದರು, ಅವರು ದೋಣಿಯನ್ನು ತೊಟ್ಟಿಲು ಅಂದುಕೊಂಡರು. ಮಗ್ಗ ನಿಂತಿತು. ನಾನು ಪುಸ್ತಕ ಮುಚ್ಚಿ, ಎದ್ದು ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಮುಂದೇನಾಯಿತೆಂದು ನನಗೂ ತಿಳಿಯಬೇಕಿತ್ತು. ಅವಳು ಹದಿನೈದು ದಿನ ಹೇಳಿದಳು. ಹದಿನೈದು ದಿನವೂ ನಾನು ಹೊಟ್ಟೆಯುರಿದುಕೊಳ್ಳುತ್ತಲೇ ಕೂತು ಕೇಳಿದೆ.

ಈಗ ನಿಮ್ಮ ಕೋಣೆಯಲ್ಲಿ ಒಂದು ಗೋಡೆ ತುಂಬ ಪುಸ್ತಕಗಳಿವೆ. ಯಾವ ವಯಸ್ಸಿನವರಿಗೆ ಯಾವುದು ಎಂದು ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಯಾರೂ ಗೀಟು ಎಳೆಯುವುದಿಲ್ಲ. ಒಂದು ಹರಿದರೆ ವಾರದೊಳಗೆ ಇನ್ನೊಂದು ಬರುತ್ತದೆ. ಆದರೂ ಮೊನ್ನೆ ನಿಮ್ಮಲ್ಲಿ ದೊಡ್ಡವನು ಚಿಕ್ಕವಳ ಕೈಯಿಂದ ಪುಸ್ತಕ ಕಿತ್ತುಕೊಂಡು, "ಇದು ನಿನ್ನ ವಯಸ್ಸಿನದಲ್ಲ" ಎಂದಾಗ ನನಗೆ ಊಟ ಸೇರಲಿಲ್ಲ. ನಿಮ್ಮ ಕೊರಟಗೆರೆ ಅಜ್ಜಿಯೇ ನನ್ನ ಆ ತಂಗಿ. ಇದಾಗಿ ಅರವತ್ತು ವರ್ಷ ದಾಟಿದರೂ ಅವಳಿಗೆ ನಾನು ಈ ವಿಷಯ ಹೇಳಿಲ್ಲ. ಭಾನುವಾರ ಅವಳು ಬರುತ್ತಾಳೆ. ಅಂದು ಹೇಳುತ್ತೇನೆ. ನನಗಿಂತ ಮೊದಲು ನೀವು ಹೇಳಿಬಿಡಬೇಡಿ.