ಕಮಾನಿಗೆ ಗಂಜಿ ಹಾಕಿದ ಚನ್ನವೀರಮ್ಮ

ನಾರಾಯಣಪೇಟೆಯ ಚನ್ನವೀರಮ್ಮನಿಗೆ ಸದ್ದು ಹೊಸದಲ್ಲ. ಹನ್ನೆರಡನೇ ವಯಸ್ಸಿಗೆ ಕುಣಿಮಗ್ಗಕ್ಕೆ ಕಾಲಿಳಿಸಿದವಳು, ಗಂಡ ತೀರಿಕೊಂಡ ಮೇಲೂ ಲಾಳಿ ಬಿಟ್ಟವಳಲ್ಲ. ಆದರೆ ತೆಲಂಗಾಣ ರಾಜ್ಯ ಹುಟ್ಟಿ ವರ್ಷ ತುಂಬುವ ಆ ಬೇಸಿಗೆಯಲ್ಲಿ ಮೊಮ್ಮಗಳು ಉಮಾಶ್ರೀ ಶಾಲೆಯಿಂದ ಹೊತ್ತು ತಂದ ಸದ್ದು ಮಾತ್ರ ಅವಳ ಜೀವ ತಿಂದಿತು.

ಅದೊಂದು ಚೀನಾದ ವಾದ್ಯ. ಎರ್‌ಹೂ ಅಂತ ಹೆಸರು. ಉದ್ದನೆಯ ಕೋಲು, ಎರಡೇ ತಂತಿ, ಕೆಳಗೆ ಹಾವಿನ ಚರ್ಮ ಬಿಗಿದ ಪುಟ್ಟ ಡಬ್ಬಿ. ಕುದುರೆ ಕೂದಲಿನ ಕಮಾನು ಆ ಎರಡು ತಂತಿಗಳ ನಡುವೆಯೇ ಸಿಕ್ಕಿಕೊಂಡಿರುತ್ತದೆ. ಚೀನಾದಲ್ಲಿ ಡಾಕ್ಟರಿ ಓದಿ ಬಂದ ಕೋಸಗಿಯ ಹುಡುಗನೊಬ್ಬ ತಾನು ಕಲಿತ ಶಾಲೆಗೆ ಕೊಟ್ಟದ್ದು. ಸಂಗೀತದ ಶಂಕರಯ್ಯ ಮೇಷ್ಟ್ರು ಫೋನಿನಲ್ಲಿ ನೋಡಿ ನೋಡಿ ತಾವೂ ಕಲಿತು ಇವಳಿಗೂ ಕಲಿಸಿದ್ದರು. ಜೂನ್ ಎರಡರ ರಾಜ್ಯದ ಹಬ್ಬಕ್ಕೆ ಶಾಲೆಯ ವಾದ್ಯಮೇಳದಲ್ಲಿ ನಾಲ್ಕು ಸಾಲು ಉಮಾಶ್ರೀ ಒಬ್ಬಳೇ ನುಡಿಸಬೇಕು. ತಪ್ಪಿದರೆ ಆ ಸಾಲು ಮೇಳದ ಇನ್ನೊಬ್ಬ ಹುಡುಗ ಸಾಯಿನಾಥನ ಕೊಳಲಿನ ಪಾಲು.

"ಬೆಕ್ಕಿನ ಬಾಲ ತುಳದಂಗ ಆಗ್ತತಲ್ಲೇ!" ಎಂದು ಚನ್ನವೀರಮ್ಮ ದಿನಾ ರೇಗುತ್ತಿದ್ದಳು.

"ಕೈ ಕೂಡಬೇಕಲ್ಲ ಆಯಿ."

"ಕೂಡೂತನಕ ನನ್ನ ಕಿವಿ ಉಳೀಬೇಕಲ್ಲ! ಮತ್ತ ಕೇಳು, ನಾಗಪ್ಪನ ಚರ್ಮ ದೇವರಿರೋ ಪಡಸಾಲ್ಯಾಗ ಬರಂಗಿಲ್ಲ."

ಹಾಗಾಗಿ ವಾದ್ಯ ಮಗ್ಗದ ಕೋಣೆಯ ಗೂಟಕ್ಕೆ ನೇತುಬಿತ್ತು. ಅಲ್ಲಿ ಇನ್ನೊಂದು ಪೀಡೆ. ನುಡಿಸಿದಾಗಲೆಲ್ಲ ಕಮಾನಿನಿಂದ ಬಿಳಿ ಪುಡಿ ಉದುರಿ ಅರ್ಧ ನೇಯ್ದ ಸೀರೆಯ ಮೇಲೆ ಕೂರುತ್ತಿತ್ತು. ಒರೆಸಿ ಒರೆಸಿ ಸಾಕಾಯಿತು.

ಹಬ್ಬಕ್ಕೆ ಎರಡು ದಿನ ಇರುವಾಗ, ಹುಡುಗಿ ನೀರಿಗೆ ಹೋದ ಹೊತ್ತು, ಚನ್ನವೀರಮ್ಮ ಆ ಕಮಾನನ್ನು ಹಿಡಿದು ನೋಡಿದಳು. ಕೂದಲೆಲ್ಲ ಧೂಳು, ನವಿರೆದ್ದು ನಿಂತಿದೆ. ಎಳೆ ಹೀಗಾದರೆ ಏನು ಮಾಡಬೇಕೆಂದು ಐವತ್ತು ವರ್ಷ ನೇಯ್ದವಳಿಗೆ ಯಾರು ಹೇಳಿಕೊಡಬೇಕು? ನೀರು ತಾಗದಂತೆ ಡಬ್ಬಿಗೆ ಬಟ್ಟೆ ಸುತ್ತಿದಳು. ಅಂಟವಾಳದ ನೀರಲ್ಲಿ ಕೂದಲು ತೊಳೆದಳು. ಸೀರೆಯ ಹಾಸಿನ ಎಳೆಗಳಿಗೆ ಹಚ್ಚುವಂತೆಯೇ ತೆಳ್ಳಗೆ ಅಕ್ಕಿ ಗಂಜಿ ಎಳೆದು, ಕುಂಚದಿಂದ ಬಾಚಿ, ಒಣಗಿಸಿದಳು. ರೇಷ್ಮೆಯಂತೆ ಹೊಳೆಯಿತು.

ಸಂಜೆ ಉಮಾಶ್ರೀ ಕಮಾನು ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಉಸಿರು ಬಿಟ್ಟಂತೆ ಜಾರಿತಷ್ಟೆ. ತಿಂಗಳಿಂದ ಬೇಡಿಕೊಂಡ ಮೌನ ಮನೆಗೆ ಬಂದಿತ್ತು. ಅದರ ಹಿಂದೆಯೇ ಹುಡುಗಿಯ ಅಳು.

ಬೆಳಿಗ್ಗೆ ಇಬ್ಬರೂ ಶಂಕರಯ್ಯ ಮೇಷ್ಟ್ರ ಮನೆಗೆ ಹೋದರು. ಕಮಾನು ಮುಟ್ಟಿ ನೋಡಿದ ಅವರು ತಲೆ ಮೇಲೆ ಕೈ ಹೊತ್ತರು. "ಗಂಜಿ ಹಾಕೀರೇನ್ರೀ ಯಮ್ಮಾ? ಆ ರಾಳದ ಪುಡೀನ ಅದರ ದನಿ ರೀ. ಕೂದಲು ತಂತಿ ಹಿಡೀಬೇಕು, ಜಾರಬಾರ್ದು."

"ಮೊದಲ ಹೇಳಬೇಕಿಲ್ರೀ? ನಮ್ಮ ಕಸುಬಿನ್ಯಾಗ ಎಳೆ ಜಾರಬೇಕು."

"ನೀವು ಗಂಜಿ ಹಾಕ್ತೀರಂತ ನನಗೇನ್ ಕನಸು ಬೀಳ್ತತೇನ್ರೀ? ಸಾಯಂಕಾಲ ಕಡೇ ತಾಲೀಮು. ದನಿ ಬರಲಿಲ್ಲಂದ್ರ ಸಾಯಿನಾಥನೇ ಸೈ." ಹಾಗೆಂದರೂ, ಕಮಾನಿಗೆ ತಿಕ್ಕುವ ರಾಳದ ಗಟ್ಟಿಯನ್ನು ಚನ್ನವೀರಮ್ಮನ ಕೈಗೆ ಹಾಕಿದರು.

ಹಾಕಿದ ಗಂಜಿ ಬಿಡಿಸುವುದೂ ನೇಕಾರರಿಗೇ ಗೊತ್ತು. ಉಗುರುಬೆಚ್ಚಗಿನ ನೀರಲ್ಲಿ ಮೂರು ಸಲ ಅದ್ದಿ, ನೆರಳಲ್ಲಿ ಒಣಗಿಸಿ, ಎಳೆ ಎಳೆ ಬಿಡಿಸಿದಳು. ಮೂರು ಕೂದಲು ಕಿತ್ತುಬಂದವು. ಆಮೇಲೆ ಮಗ್ಗದ ಅಂಚಿಗೆ ಕೂತು ರಾಳ ತಿಕ್ಕತೊಡಗಿದಳು. "ಚೀನಾದವರಿಗೆ ಬ್ಯಾರೆ ಕೆಲಸಿಲ್ಲ. ಆ ಡಾಕ್ಟರಗ ಕೊಡಾಕ ಒಂದು ತಬಲಾ ಸಿಗಲಿಲ್ಲ. ಈ ಮೇಷ್ಟ್ರಿಗೆ ಬಾಯಿಲ್ಲ." ತಿಕ್ಕಿದಳು, ಬೈದಳು, ತಿಕ್ಕಿದಳು. ಮಧ್ಯಾಹ್ನ ತಿರುಗಿದ ಮೇಲೆ ಬೆಕ್ಕಿನ ಬಾಲ ಮತ್ತೆ ಕೂಗಿತು. ಉಮಾಶ್ರೀ ವಾದ್ಯ ಎತ್ತಿಕೊಂಡು ತಾಲೀಮಿಗೆ ಓಡಿದಳು. ನಾಲ್ಕು ಸಾಲು ಅವಳಿಗೇ ಉಳಿದವು.

ಮರುದಿನ ಶಾಲೆಯ ಅಂಗಳದಲ್ಲಿ ಮೇಳ ಸುಮ್ಮನಾಗಿ ಅವಳ ಸರದಿ ಬಂದಾಗ, ಪಕ್ಕದ ಮನೆಯ ಎಂಕಮ್ಮ ಮೂಗು ಮುರಿದಳು. "ಏನವ್ವಾ ಇದು, ಯಾರೋ ಅತ್ತಂಗ ಐತಿ?"

"ಬಾಯಿ ಮುಚ್ಚಿಗೊಂಡು ಕೇಳು. ನಿನ್ನಿ ಇಡೀ ದಿನ ತಿಕ್ಕಿ ನನ್ನ ರಟ್ಟಿ ಬಿದ್ದಾವು."

ಬಿಳಿ ಪುಡಿ ಉಮಾಶ್ರೀಯ ಹೊಸ ಲಂಗದ ಮೇಲೆ ಉದುರುತ್ತಲೇ ಇತ್ತು. ಚನ್ನವೀರಮ್ಮನ ಕೈ ಒರೆಸಲು ತುಡಿಯಿತು. ಸೆರಗಿನೊಳಗೆ ಬಿಗಿಹಿಡಿದು ಕೂತಳು.

ಮನೆಗೆ ಬಂದ ಹುಡುಗಿ ವಾದ್ಯವನ್ನು ಎಂದಿನಂತೆ ಮಗ್ಗದ ಕೋಣೆಗೆ ಒಯ್ಯುತ್ತಿದ್ದಳು.

"ಎಲ್ಲಿಗೆ ಒಯ್ತಿ? ಅಲ್ಲಿ ಗಂಜಿ ಸಿಡೀತತಿ. ಪಡಸಾಲ್ಯಾಗ ಹಾಕು."

"ನಾಗಪ್ಪ, ಆಯಿ?"

"ನಾಗಪ್ಪಗ ನಾ ಹೇಳಿಕೊಂತೀನಿ. ನೀ ಮೊದಲ ಲಂಗ ಝಾಡಿಸು, ಹೊರಗ ಹೋಗಿ."